ಒಬ್ಬ ತರುಣ ಕಾದಂಬರಿಕಾರ್ತಿಯ ದಿನಚರಿ



ಕಾದಂಬರಿಗಳನ್ನು ಕುರಿತು ಭಾಷಣಗಳು ನಮ್ಮಲ್ಲಿ ಬೇಕಾದಷ್ಟು ನಡೆದಿವೆ. ಆದರೆ ಕಾದಂಬರಿಯನ್ನು ಬರೆದವರು ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡುತ್ತಿದ್ದರು, ಬರೆಯುವುದಕ್ಕೆ ಬಿಡುವನ್ನು ಎಲ್ಲಿಂದ ತಂದರು, ಬರೆದುದನ್ನು ಓದುಗರ ಕೈಗೆ ಹೇಗೆ ಮುಟ್ಟಿಸಿದರು ಎಂದು ನಾವು ವಿಚಾರಿಸುವುದು ಬಹಳ ಕಡಮೆ. ಇದು ಕೇವಲ ಕುತೂಹಲದ ಪ್ರಶ್ನೆಯೆಂದು ಕೆಲವರಿಗೆ ತೋರಬಹುದು. ಆದರೆ ಕೆಲವು ಗ್ರಂಥಕರ್ತರ ವಿಷಯದಲ್ಲಿ ಅವರ ಪುಸ್ತಕಗಳಿಗಿಂತಲೂ ಅವರು ದಿನವನ್ನು ಕಳೆದ ರೀತಿಯೇ ಹೆಚ್ಚು ಅರ್ಥವುಳ್ಳದ್ದಾಗಿರುತ್ತದೆ. ಅಂಥವರೊಬ್ಬರನ್ನು, ಅವರಿನ್ನೂ ಮೂವತ್ತು ವರ್ಷ ತುಂಬದ ತರುಣಿಯಾಗಿದ್ದಾಗ ನಡೆಸಿದ ಜೀವನವನ್ನು, ಇಂದು ತಮ್ಮ ಮುಂದಿಡಬೇಕೆಂದಿದ್ದೇನೆ. ಅವರೇ ನಂಜನಗೂಡು ತಿರುಮಲಾಂಬಾ.

ಅವರ ಊರು ನಂಜನಗೂಡಾದರೂ ನಾನು ಕಥೆಯನ್ನು ತಲಕಾಡಿನಿಂದ ಪ್ರಾರಂಭಿಸಬೇಕಾಗಿದೆ. ಏಕೆಂದರೆ ಅವರ ಪರಿಚಯ ನನಗಾದುದು ಅಲ್ಲಿ. ತಿರುಮಕೂಡಲು ನರಸೀಪುರದ ತಾಲ್ಲೂಕಿಗೆ ಸೇರಿದ ಈ ಊರನ್ನು ತಮ್ಮಲ್ಲಿ ಅನೇಕರು ನೋಡಿರಬಹುದು. ಗಂಗರಿಗೆ ರಾಜಧಾನಿಯಾಗಿ, ಚೋಳರ ಕೈಯಲ್ಲಿ ರಾಜರಾಜಪುರವೆನಿಸಿ, ೧೨ನೆಯ ಶತಮಾನದ ಆದಿಯಲ್ಲಿ ಹೊಯ್ಸಳ ವಿಷ್ಣುವರ್ಧನನ ವಶವಾಗಿ ಕೀರ್ತಿನಾರಾಯಣನ ದೇಗುಲವನ್ನು ಪಡೆದ ಪಟ್ಟಣವದು. ಬಳಿಕ ಮರಳು ಬಂದಿತು. ಅಲಮೇಲಮ್ಮನ ಶಾಪದಿಂದ ಹಾಗಾಯಿತೆಂದು ಜನ ಹೇಳುವರು. ೧೪ನೆಯ ಶತಮಾನದಲ್ಲಿ ಮಾಧವಮಂತ್ರಿಯು ಹೊಳೆಗೆ ಕಟ್ಟಿಸಿದ ಕಟ್ಟೆಯ ದೆಸೆಯಿಂದ ನೀರಿನ ಓಟ ಬದಲಾಗಿ, ಬರಿದಾದ ಪಾತ್ರದ ಮರಳನ್ನು ಗಾಳಿಯು ಊರಿನ ಮೇಲೆ ತಂದು ಸುರಿಯಿತೆಂದು ಶೋಧಕರು ಊಹಿಸುವರು. ಕಾರಣವೇನೇ ಇರಲಿ, ಮರಳು ದೇಗುಲಗಳನ್ನು ಮುಚ್ಚಿತು. ಪಂಚಲಿಂಗ ದರ್ಶನದ ಯೋಗ ಕೂಡಿ ಬಂದಾಗಲೆಲ್ಲ ಜನರು ಮರಳನ್ನು ತೋಡಿ, ಮೆಟ್ಟಿಲಿಳಿದು, ಒಳಗಿನ ಲಿಂಗವನ್ನು ನೋಡಿಬರುತ್ತಿದ್ದರು. ಇತ್ತೀಚೆಗೆ ೨೦೧೩ರಲ್ಲಿಯೂ ೨೦೨೦ರಲ್ಲಿಯೂ ಆ ದರ್ಶನ ನಡೆಯಿತು.

ತಲಕಾಡಿನಲ್ಲಿ ನಮ್ಮ ಅಜ್ಜಿಯ ತವರುಮನೆಯಿದ್ದಿತು. ಅಜ್ಜಿಯ ಅಕ್ಕ, ನಾವೆಲ್ಲ ದೊಡ್ಡಜ್ಜಿಯೆಂದು ಕರೆಯುತ್ತಿದ್ದವರು, ತಮ್ಮ ಆಯುಷ್ಯವನ್ನೆಲ್ಲ ಆ ಮನೆಯಲ್ಲಿಯೇ ಕಳೆದರು. ಬಾಲ್ಯದಲ್ಲಿಯೇ ಗಂಡನನ್ನು ಕಳೆದುಕೊಂಡವರಾದುದರಿಂದ ಅವರಿಗೆ ಬೇರೆ ಮನೆಯೆಂಬುದಿರಲಿಲ್ಲ. ಅವರ ಸ್ವಂತದ ಆಸ್ತಿಯೆಂದರೆ ಒಂದು ತಗಡಿನ ಪೆಟ್ಟಿಗೆ. ೧೯೫೦ರ ದಶಕದ ಕೊನೆಯಲ್ಲಿ, ಬೇಸಗೆಯ ರಜೆಗೆಂದು ಹೋಗಿದ್ದ ನಾನು, ಒಂದು ಮಧ್ಯಾಹ್ನ ಆ ಪೆಟ್ಟಿಗೆಯನ್ನು ತೆರೆದೆನು. ಒಂದೆರಡು ಮಡಿಸೀರೆ, ತುಳಸೀಮಣಿ, ಒಂದು ಕಟ್ಟು ಹಳೆಯ ಕಾಗದಪತ್ರ, ಇವುಗಳ ಅಡಿಯಲ್ಲಿ ಹೊದಿಕೆಯೂ ಮೊದಲಿನ ಕೆಲವು ಹಾಳೆಗಳೂ ಹರಿದುಹೋಗಿದ್ದ ಒಂದು ಪುಸ್ತಕ. ಅಂಚುಗಳು ಕಂದು ಬಣ್ಣಕ್ಕೆ ತಿರುಗಿದ್ದುವು. ಅಲ್ಲಲ್ಲಿ ಎಣ್ಣೆಯ ಕಲೆ. ಪುಟವನ್ನು ಬಿಡಿಸಿದರೆ ಸಣ್ಣ ಮರಳು ಉದುರಿತು. ತಲಕಾಡಿನಲ್ಲಿ ಮರಳು ಸೇರದ ವಸ್ತುವೇ ಇಲ್ಲ.

ದೊಡ್ಡಜ್ಜಿ ಗದರಿಸಲಿಲ್ಲ. ಪುಸ್ತಕವನ್ನು ಕೈಗೆ ತೆಗೆದುಕೊಂಡು, "ಇದು ಸುಶೀಲೆ ಕಥೆ ಮಗು" ಎಂದರು. ಬರೆದವರಾರೆಂದು ಕೇಳಿದೆನು. "ನಂಜನಗೂಡಿನೋರಂತೆ. ನನ್ನ ಹಾಗೇ ಅಂತೆ" ಎಂದು ಹೇಳಿ ಪೆಟ್ಟಿಗೆಯ ಮುಚ್ಚಳವನ್ನು ಹಾಕಿದರು.

"ನನ್ನ ಹಾಗೇ" ಎಂಬ ಮಾತಿನ ಅರ್ಥ ಆಗ ನನಗೆ ತಿಳಿಯಲಿಲ್ಲ. ಬಹು ವರ್ಷಗಳ ಮೇಲೆ, ತಿರುಮಲಾಂಬಾ ಅವರ ಚರಿತ್ರೆಯನ್ನು ಓದಿದಾಗ ತಿಳಿಯಿತು. ನಂಜನಗೂಡಿನ ಸೋಪಾನಗಳನ್ನು ತೊಳೆದು ಬಂದ ಕಪಿಲೆಯು ನರಸೀಪುರದಲ್ಲಿ ಕಾವೇರಿಯನ್ನು ಕೂಡಿ ತಲಕಾಡಿನ ಮುಂದೆ ಹರಿಯುತ್ತಾಳೆ. ಅದೇ ದಾರಿಯಲ್ಲಿ, ಒಬ್ಬ ತರುಣ ವಿಧವೆಯು ಬರೆದ ಪುಸ್ತಕ ಮತ್ತೊಬ್ಬ ತರುಣ ವಿಧವೆಯ ಪೆಟ್ಟಿಗೆಗೆ ಬಂದು ಸೇರಿತ್ತು.

ತಿರುಮಲಾಂಬಾ ಹುಟ್ಟಿದುದು ೧೮೮೭ರಲ್ಲಿ, ನಂಜನಗೂಡಿನ ಶ್ರೀವೈಷ್ಣವ ಕುಟುಂಬವೊಂದರಲ್ಲಿ. ತಂದೆ ವೆಂಕಟಕೃಷ್ಣ ಅಯ್ಯಂಗಾರ್ಯರು ವಕೀಲರು. ಹತ್ತನೆಯ ವಯಸ್ಸಿನಲ್ಲಿ ಮದುವೆ, ಹದಿನಾಲ್ಕನೆಯ ವಯಸ್ಸಿನಲ್ಲಿ ವೈಧವ್ಯ. ಈ ಎರಡು ಅಂಕಿಗಳನ್ನು ಸ್ವಲ್ಪ ನಿಂತು ನೋಡಬೇಕು. ಬಾಲ್ಯವಿವಾಹವನ್ನು ತಡೆಯುವುದಕ್ಕಾಗಿ ಮೈಸೂರು ಸಂಸ್ಥಾನವು ೧೮೯೪ರಲ್ಲಿ ಒಂದು ರೆಗ್ಯುಲೇಷನ್ನನ್ನು ಜಾರಿಗೆ ತಂದಿತ್ತು. ಇಡಿಯ ದೇಶದಲ್ಲಿಯೇ ಅದು ಮುಂದುವರಿದ ಕಾನೂನೆಂದು ಹೊಗಳಿಕೆ ಪಡೆಯಿತು. ಅದು ನಿಷೇಧಿಸಿದುದು ಎಂಟು ವರ್ಷ ತುಂಬದ ಹುಡುಗಿಯ ಮದುವೆಯನ್ನು. ಹತ್ತು ವರ್ಷದ ಹುಡುಗಿಯ ಮದುವೆ ಆ ಕಾನೂನಿಗೆ ಒಪ್ಪಿತವಾದುದೇ. ವಿಧವಾವಿವಾಹಕ್ಕೆ ಕಾನೂನಿನ ಬೆಂಬಲ ಬ್ರಿಟಿಷ್ ಇಂಡಿಯದಲ್ಲಿ ೧೮೫೬ರಲ್ಲಿಯೇ ದೊರೆತಿತ್ತು. ಆದರೆ ಕಪಿಲೆಯ ದಡದ ಅಗ್ರಹಾರಗಳಲ್ಲಿ ಅದು ಕೇವಲ ಪತ್ರಿಕೆಯಲ್ಲಿ ಓದುವ ಸಂಗತಿಯಾಗಿದ್ದಿತು. ಅಂದಮೇಲೆ ಸಂಸ್ಥಾನದ ಸುಧಾರಣೆಗಳ ನಡುವೆಯೇ, ಯಾವ ಕಾನೂನನ್ನೂ ಮೀರದೆ, ಒಂದು ಹುಡುಗಿಯ ಬಾಳು ಹದಿನಾಲ್ಕಕ್ಕೆ ಮುಗಿದಂತೆ ಆಯಿತು. ಆಕೆ ತಂದೆಯ ಮನೆಗೆ ಹಿಂತಿರುಗಿದಳು.

ಅಂತಹ ಮನೆಯಲ್ಲಿ ಅಂತಹ ಹುಡುಗಿಯ ದಿನ ಹೇಗೆ ಸಾಗುತ್ತಿತ್ತು? ಅದನ್ನು ನಾನು ಪುಸ್ತಕದಿಂದ ಅರಿತವನಲ್ಲ. ದೊಡ್ಡಜ್ಜಿಯ ದಿನವನ್ನು ಕಣ್ಣಾರೆ ನೋಡಿ, ಅವರ ಎಳೆತನದ ಕಾಲದ ಸಂಗತಿಗಳನ್ನು ಅವರ ಬಾಯಿಂದಲೇ ಕೇಳಿ ಅರಿತವನು. ಬೆಳಗಿನ ಜಾವ ನಾಲ್ಕು ಗಂಟೆಗೆ ಏಳುವುದು, ತಣ್ಣೀರಿನ ಸ್ನಾನ, ಒದ್ದೆಯ ಸೀರೆಯಲ್ಲಿಯೇ ಮಡಿನೀರನ್ನು ಹೊತ್ತು ತರುವುದು, ಸೌದೆಯ ಒಲೆಯನ್ನು ಹೊತ್ತಿಸಿ, ಊದುಗೊಳವೆಯಲ್ಲಿ ಊದಿ ಊದಿ ಕಣ್ಣು ಕೆಂಪಾಗುವುದು, ದೇವರ ಮನೆಗೆ ಅಣಿಮಾಡುವುದು, ಗಂಡಸರ ಊಟ, ಮಕ್ಕಳ ಊಟ, ಸುಮಂಗಲಿಯರ ಊಟ, ಎಲ್ಲರದೂ ಆದ ಮೇಲೆ ತನ್ನ ಒಪ್ಪೊತ್ತು. ಏಕಾದಶಿಗೆ ಅದೂ ಇಲ್ಲ. ಹೊತ್ತು ಇಳಿದ ಮೇಲೆ ಅಕ್ಕಿ ಆರಿಸುವುದು, ಬತ್ತಿ ಹೊಸೆಯುವುದು, ಹಪ್ಪಳ ಸಂಡಿಗೆಯ ಕೆಲಸ. ಮನೆಯಲ್ಲಿ ಮದುವೆ ಮುಂಜಿಯಾದರೆ ಇಡಿಯ ದಿನ ಅಡಿಗೆಮನೆಯಲ್ಲಿ ಅವಳು ಬೇಕು. ಆರತಿಯ ಹೊತ್ತಿಗೆ ಮಾತ್ರ ಅವಳು ಎದುರಿಗೆ ಬರಕೂಡದು. ಬೀದಿಯಲ್ಲಿ ಹೊರಟವರಿಗೆ ಎದುರಾದರೆ ಅಪಶಕುನ. "ನಾನು ಬಾಗಿಲಿನಿಂದ ಹೊರಗೆ ಬರುವ ಮುಂಚೆ ಇಣುಕಿ ನೋಡಿ, ಯಾರೂ ಇಲ್ಲ ಅಂತ ತಿಳಿದು ಬರ್ತಿದ್ದೆ" ಎಂದು ದೊಡ್ಡಜ್ಜಿ ಒಮ್ಮೆ ಹೇಳಿದರು. ಅದರಲ್ಲಿ ದೂರುವ ಧ್ವನಿಯಿರಲಿಲ್ಲ. ಮಳೆ ಬಂದರೆ ಕೊಡೆ ತೆಗೆದುಕೊಂಡು ಹೋಗುತ್ತಿದ್ದೆ ಎಂದು ಹೇಳುವಂತೆ ಹೇಳಿದರು.

ಇದು ಸಾಮಾನ್ಯ ದಿನ. ನಂಜನಗೂಡಿನ ಆ ಮನೆಯಲ್ಲಿ ಇದಕ್ಕೆ ಇನ್ನೊಂದು ಸಂಗತಿ ಸೇರಿತು. ತಂದೆಯವರು ಮಗಳ ಕೈಗೆ ಪುಸ್ತಕ ಕೊಟ್ಟರು. ಮಗಳನ್ನು ಶಾಲೆಗೆ ಕಳುಹಿಸುವುದು ಕೈಲಾಗದ ಮಾತು. ಮೈಸೂರಿನಲ್ಲಿ ೧೮೮೧ರಿಂದಲೂ ಹೆಣ್ಣುಮಕ್ಕಳಿಗಾಗಿ ಮಹಾರಾಣಿಯವರ ಪಾಠಶಾಲೆ ಇದ್ದಿತು. ೧೮೯೧ರಲ್ಲಿ ನಂಜನಗೂಡಿಗೆ ರೈಲೂ ಬಂದಿತು. ಆದರೆ ಹದಿನೈದು ಮೈಲಿ ದೂರದ ಆ ಶಾಲೆ ಆಕೆಗೆ ಲಂಡನ್ನಿನಷ್ಟು ದೂರ. ಆದುದರಿಂದ ಮನೆಯೇ ಶಾಲೆಯಾಯಿತು, ತಂದೆಯೇ ಉಪಾಧ್ಯಾಯರಾದರು. ಕನ್ನಡದೊಡನೆ ತೆಲುಗು, ತಮಿಳುಗಳ ಪರಿಚಯವೂ ಆಯಿತು. ವಕೀಲರಾದ ಒಬ್ಬ ಗೃಹಸ್ಥರು ಕೋರ್ಟಿನಿಂದ ಬಂದು, ಊರಿನವರ ಬಾಯಿಗೆ ಹೆದರದೆ, ವಿಧವೆಯಾದ ಮಗಳನ್ನು ಕೂಡಿಸಿಕೊಂಡು ಪಾಠ ಹೇಳಿದರೆಂಬುದು ಸಣ್ಣ ಸಂಗತಿಯಲ್ಲ. ಬಂಗಾಳದ ರಾಸಸುಂದರೀ ದೇವಿಯವರು ಅಡಿಗೆಮನೆಯಲ್ಲಿ ಯಾರಿಗೂ ತಿಳಿಯದಂತೆ ಅಕ್ಷರ ಕಲಿತು ಆತ್ಮಕಥೆಯನ್ನು ಬರೆದರು. ನಮ್ಮ ತಿರುಮಲಾಂಬಾ ಅವರಿಗೆ ಕದ್ದು ಕಲಿಯಬೇಕಾದ ಕಷ್ಟ ಬರಲಿಲ್ಲ.

ಓದುವ ಹುಡುಗಿಯು ಬರೆಯುವ ಹೆಂಗಸಾದುದಕ್ಕೆ ಬಿಡುವು ಬೇಕಷ್ಟೆ. ಇಂಗ್ಲೆಂಡಿನ ವರ್ಜಿನಿಯಾ ವುಲ್ಫ್ ಎಂಬ ಲೇಖಕಿಯು ೧೯೨೯ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಹೆಂಗಸು ಕಥೆ ಕಾದಂಬರಿಗಳನ್ನು ಬರೆಯಬೇಕಾದರೆ ಅವಳಿಗೆ ಸ್ವಂತದ ಹಣವೂ ಸ್ವಂತದ ಕೋಣೆಯೂ ಇರಬೇಕೆಂದು ವಾದಿಸಿದರು. ಆ ಮಾತು ಲೋಕಪ್ರಸಿದ್ಧವಾಗಿದೆ. ಅದಕ್ಕೆ ಹದಿನಾರು ವರ್ಷ ಮುಂಚೆಯೇ ನಂಜನಗೂಡಿನ ಈ ತರುಣಿಯ ಮೊದಲ ಕಾದಂಬರಿ ಅಚ್ಚಾಗಿತ್ತು. ಕೂಡು ಕುಟುಂಬದಲ್ಲಿ ಕೋಣೆಯೆಲ್ಲಿಯದು? ನಮ್ಮ ಹಳೆಯ ಮನೆಗಳಲ್ಲಿ ಹೆಂಗಸರಿಗೆ ತಮ್ಮದೆಂಬ ಹೊತ್ತು ಎರಡೇ: ಮಧ್ಯಾಹ್ನದ ಊಟವಾಗಿ ಮನೆ ಮಲಗಿದ ಮೇಲಿನ ಒಂದು ಗಂಟೆ, ಮತ್ತು ರಾತ್ರಿ ದೀಪ ಆರಿಸುವುದಕ್ಕೆ ಮುಂಚಿನ ಸ್ವಲ್ಪ ಕಾಲ. ಆ ಹೊತ್ತಿಗೆ ಬೆಳಕಾದರೂ ಎಂತಹದು? ತಲಕಾಡನ್ನು ದಾಟಿ ಮುಂದೆ ಹೋದ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕಿ ೧೯೦೨ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೂ ವಿದ್ಯುಚ್ಛಕ್ತಿಯನ್ನು ಕೊಟ್ಟಿತು. ಅದೇ ಹೊಳೆಯ ದಡದ ಊರುಗಳಲ್ಲಿ ಬಹುಕಾಲ ಉರಿದುದು ಸೀಮೆಎಣ್ಣೆಯ ಬುಡ್ಡಿ. ಬುಡ್ಡಿಯ ಹೊಗೆ, ಮಸಿಪುಡಿಯನ್ನು ಕಲಸಿದ ಕುಡಿಕೆ, ಮುಳ್ಳು ಸಿಕ್ಕಿಸಿದ ಲೇಖನಿ: ನಮ್ಮ ಗದ್ಯಸಾಹಿತ್ಯದ ಆರಂಭದ ಪುಟಗಳಲ್ಲಿ ಎಷ್ಟೋ ಭಾಗ ಇಂತಹ ಬೆಳಕಿನಲ್ಲಿ ಹುಟ್ಟಿದುದು.

೧೯೧೩ರಲ್ಲಿ 'ಸುಶೀಲೆ' ಪ್ರಕಟವಾಯಿತು. ಆಗ ಗ್ರಂಥಕರ್ತ್ರಿಗೆ ಇಪ್ಪತ್ತಾರು ವರ್ಷ. ಕಾಲವನ್ನು ಗಮನಿಸಬೇಕು. ಕನ್ನಡದಲ್ಲಿ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂಬುದೇ ಹೊಸದು. ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' ಹೊರಬಂದುದು ೧೮೯೯ರಲ್ಲಿ. ಅದರ ನಾಯಿಕೆಯೂ ಬಾಲವಿಧವೆಯೇ. ಎಂ. ಎಸ್. ಪುಟ್ಟಣ್ಣನವರ 'ಮಾಡಿದ್ದುಣ್ಣೋ ಮಹಾರಾಯ' ಬರುವುದಕ್ಕೆ ಇನ್ನೂ ಎರಡು ವರ್ಷ ಉಳಿದಿತ್ತು. ಸಾಹಿತ್ಯ ಪರಿಷತ್ತು ಹುಟ್ಟಿರಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿರಲಿಲ್ಲ. ವಿಧವೆಯನ್ನು ಕಥೆಗೆ ವಸ್ತುವಾಗಿ ಮಾಡಿಕೊಳ್ಳುವುದು ಸುಧಾರಕರಾದ ಗಂಡಸರಿಗೆ ಸಾಧ್ಯವಾಗಿತ್ತು. ಆದರೆ ವಿಧವೆಯೇ ಕುಳಿತು ಕಥೆ ಬರೆದು, ತನ್ನ ಹೆಸರನ್ನೂ ಊರನ್ನೂ ಹಾಕಿ ಅಚ್ಚು ಹಾಕಿಸುವುದೆಂದರೆ ಬೇರೆಯ ಮಾತು. ಜೇನ್ ಆಸ್ಟೆನ್ನಂತಹ ಮಹಾಲೇಖಕಿಯ ಮೊದಲ ಕಾದಂಬರಿ ೧೮೧೧ರಲ್ಲಿ ಅಚ್ಚಾದಾಗ ಮುಖಪುಟದ ಮೇಲೆ ಅವಳ ಹೆಸರಿರಲಿಲ್ಲ, 'ಒಬ್ಬ ಮಹಿಳೆಯಿಂದ' ಎಂದಷ್ಟೇ ಇದ್ದಿತು.

ಬರೆಯುವುದರಿಂದ ಕೆಲಸ ಮುಗಿಯಲಿಲ್ಲ. ಬರೆದುದನ್ನು ಪ್ರಕಟಿಸುವವರನ್ನು ಹುಡುಕುತ್ತ ಕೂಡದೆ ತಿರುಮಲಾಂಬಾ ತಾವೇ 'ಸತೀಹಿತೈಷಿಣಿ' ಎಂಬ ಗ್ರಂಥಮಾಲೆಯನ್ನು ಪ್ರಾರಂಭಿಸಿದರು. 'ಸುಶೀಲೆ'ಯ ಬೆನ್ನಿಗೆ 'ನಭಾ', 'ವಿದ್ಯುಲ್ಲತಾ', 'ವಿರಾಗಿಣಿ' ಮೊದಲಾದ ಪುಸ್ತಕಗಳು ಬಂದುವು. ಇಲ್ಲಿಂದ ಮುಂದೆ ಅವರ ದಿನಕ್ಕೆ ಹೊಸ ಭಾರಗಳು ಸೇರಿದುವು. ಪ್ರಕಾಶಕರ ಕೆಲಸವೇನೆಂಬುದನ್ನು ಬಲ್ಲವರೇ ಬಲ್ಲರು. ಹಸ್ತಪ್ರತಿಯನ್ನು ಅಂದವಾಗಿ ನಕಲು ಮಾಡಬೇಕು. ಅಚ್ಚುಕೂಟದವರಿಂದ ಕರಡಚ್ಚು ಬಂದರೆ ಒಂದೊಂದು ಮೊಳೆಯನ್ನೂ ನೋಡಿ ತಿದ್ದಬೇಕು. ಕಾಗದದ ಬೆಲೆಯನ್ನು ವಿಚಾರಿಸಬೇಕು. ೧೯೧೪ರಲ್ಲಿ ಯೂರೋಪಿನ ಯುದ್ಧ ಪ್ರಾರಂಭವಾದ ಬಳಿಕ ಕಾಗದ ದುರ್ಲಭವೂ ದುಬಾರಿಯೂ ಆಯಿತು. ರಟ್ಟು, ಹೊಲಿಗೆ, ಕಟ್ಟು ನೋಡಿಕೊಳ್ಳಬೇಕು. ಚಂದಾದಾರರ ಪಟ್ಟಿಯನ್ನು ಬರೆದಿಡಬೇಕು. ವಿ. ಪಿ. ಅಂಚೆಯಲ್ಲಿ ಪುಸ್ತಕ ಕಳುಹಿಸಿದರೆ ಕೆಲವರು ಹಣ ಕೊಟ್ಟು ಬಿಡಿಸಿಕೊಳ್ಳುವರು, ಕೆಲವರು ಹಿಂದಕ್ಕೆ ಕಳುಹಿಸುವರು. ಹಿಂದಕ್ಕೆ ಬಂದ ಕಟ್ಟಿನ ಅಂಚೆವೆಚ್ಚ ಪ್ರಕಾಶಕರ ತಲೆಯ ಮೇಲೆ. ಮನಿಯಾರ್ಡರು ಬಂದರೆ ರುಜು ಹಾಕಬೇಕು, ಲೆಕ್ಕ ಬರೆಯಬೇಕು.

ಎದುರಿಗೆ ಬಂದರೆ ಅಪಶಕುನವೆಂದು ಲೋಕ ಮುಖ ತಿರುಗಿಸುತ್ತಿದ್ದ ಒಬ್ಬ ಹೆಂಗಸಿನ ಹೆಸರು, ಅಂಚೆಯ ಚೀಲದಲ್ಲಿ ಕುಳಿತು, ಕನ್ನಡನಾಡಿನ ಊರೂರಿಗೂ ಮನೆಮನೆಗೂ ಹಗಲು ಹೊತ್ತಿನಲ್ಲಿಯೇ ಹೋಯಿತು. ಬಾಗಿಲು ತೆರೆದು ಅದನ್ನು ಒಳಕ್ಕೆ ಬರಮಾಡಿಕೊಂಡವರು ಅದೇ ಲೋಕದ ಗೃಹಸ್ಥರು. ಈ ಸಂಗತಿಯನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ಆನಂದವಾಗುತ್ತದೆ.

ಗ್ರಂಥಮಾಲೆಯ ಮೇಲೆ 'ಕರ್ಣಾಟಕ ನಂದಿನಿ' ಎಂಬ ಮಾಸಪತ್ರಿಕೆಯೂ ಬಂದಿತು. ತಮ್ಮ ಮನೆಯಲ್ಲಿಯೇ ನೆರೆಹೊರೆಯ ಹೆಣ್ಣುಮಕ್ಕಳಿಗೆ ಓದುಬರಹವನ್ನೂ ಕಲಿಸಿದರು. ಪುಸ್ತಕವನ್ನು ಬರೆಯುವವನು ತನಗೆ ಬೇಕಾದಾಗ ಬರೆಯಬಹುದು. ಮಾಸಪತ್ರಿಕೆಯನ್ನು ನಡೆಸುವವನಿಗೆ ಆ ಸ್ವಾತಂತ್ರ್ಯವಿಲ್ಲ. ತಿಂಗಳು ತನ್ನ ಪಾಡಿಗೆ ಬಂದು ನಿಲ್ಲುತ್ತದೆ. ಲೇಖನಗಳು ಬಾರದಿದ್ದರೆ ತಾನೇ ಬರೆದು ಪುಟ ತುಂಬಬೇಕು. ವ್ರತ, ಶ್ರಾದ್ಧ, ಹಬ್ಬ, ಜ್ವರ ಇವು ಯಾವುವೂ ಓದುಗರಿಗೆ ಸಮಾಧಾನವಾಗತಕ್ಕ ಕಾರಣಗಳಲ್ಲ. ಕನ್ನಡದಲ್ಲಿ ಮೊದಲ ಪತ್ರಿಕಾಸಂಪಾದಕಿ, ಮೊದಲ ಪ್ರಕಾಶಕಿ ಎಂದು ವಿದ್ವಾಂಸರು ಇಂದು ಅವರನ್ನು ಗಣಿಸುತ್ತಾರೆ. ಈ 'ಮೊದಲ' ಎಂಬ ಬಿರುದು ಕೇಳಲು ಚೆನ್ನಾಗಿದೆ. ಅದರ ಒಳಗಿರುವುದು ಸಾವಿರಾರು ದಿನಗಳ, ಯಾರೂ ನೋಡದ, ಯಾರೂ ಹೊಗಳದ ದುಡಿಮೆ.

ಇಲ್ಲಿ ನಾನು ಒಂದು ಆಕ್ಷೇಪಣೆಯನ್ನು ಎದುರಿಸಬೇಕಾಗಿದೆ. ಇಂದಿನ ಓದುಗರು, ಅದರಲ್ಲಿಯೂ ವಿದ್ಯಾವತಿಯರಾದ ತರುಣಿಯರು, 'ಸುಶೀಲೆ'ಯಂತಹ ಪುಸ್ತಕವನ್ನು ಕೈಗೆತ್ತಿಕೊಂಡರೆ ನಿರಾಶೆಪಡಬಹುದು. ಅದರ ಆದರ್ಶ ಪತಿವ್ರತೆಯದು. ತಾಳ್ಮೆ, ವಿನಯ, ಗೃಹಕೃತ್ಯಗಳಿಗೆ ಅದರಲ್ಲಿ ದೊಡ್ಡ ಸ್ಥಾನ. ಪತಿಯನ್ನು ಕಳೆದುಕೊಂಡು ಲೋಕದಿಂದ ಇಷ್ಟು ನೊಂದವರು ಆ ಲೋಕದ ಮೇಲೆ ಕೋಪಿಸಿಕೊಳ್ಳದೆ ಸತೀಧರ್ಮವನ್ನು ಬೋಧಿಸಿದರೆ? ಮಾಲೆಗೆ 'ಸತೀಹಿತೈಷಿಣಿ' ಎಂದು ಹೆಸರಿಟ್ಟರೆ? ಇವರನ್ನು ಮುಂದಾಳೆಂದು ಹೇಗೆ ಕರೆಯುವುದು? ಪ್ರಶ್ನೆ ನ್ಯಾಯವಾದುದೇ. ನಾನೂ ಬಹುಕಾಲ ಅದನ್ನೇ ಕೇಳಿಕೊಂಡೆನು.

ನನಗೆ ತೋರಿದ ಸಮಾಧಾನವನ್ನು ಹೇಳುತ್ತೇನೆ; ತಾವು ಒಪ್ಪಲೇಬೇಕೆಂದಿಲ್ಲ. ಅವರು ಆ ಆದರ್ಶವನ್ನು ನಂಬಿಯೇ ಬರೆದರೆಂದು ನಾನು ಭಾವಿಸುತ್ತೇನೆ. ಮುಖವಾಡವೆಂದು ಹೇಳುವುದು ಅವರಿಗೆ ಅವಮಾನ. ಆದರೆ ನಂಬಿಕೆಯೊಂದು, ಅದರಿಂದ ನಡೆದ ಕೆಲಸ ಇನ್ನೊಂದು. ಸತಿಯರ ಹಿತವೆಂಬ ಹೆಸರಿದ್ದುದರಿಂದಲೇ ಮನೆಯ ಯಜಮಾನರು ಆ ಪುಸ್ತಕವನ್ನು ಹೊಸ್ತಿಲು ದಾಟಗೊಟ್ಟರು. ಬಂಡಾಯದ ಪುಸ್ತಕವಾಗಿದ್ದರೆ ಅದು ಮೈಸೂರಿನ ನಾಲ್ಕಾರು ಪದವೀಧರರ ಮೇಜಿನ ಮೇಲೆ ಉಳಿಯುತ್ತಿತ್ತು. ತಲಕಾಡಿನ ಅಡಿಗೆಮನೆಗೆ ಬರುತ್ತಿರಲಿಲ್ಲ. ಮತ್ತೊಂದು ಮಾತು. ಕಥೆಯ ನಾಯಿಕೆ ಏನು ಮಾಡಿದಳೆಂಬುದನ್ನು ಮಾತ್ರ ನೋಡಬೇಡಿರಿ. ಕಥೆಯನ್ನು ಬರೆದಾಕೆ ಪ್ರತಿದಿನ ಏನು ಮಾಡುತ್ತಿದ್ದಳೆಂಬುದನ್ನೂ ನೋಡಿರಿ. ಆಕೆ ಓದಿದಳು, ಬರೆದಳು, ಹಣದ ವ್ಯವಹಾರ ಮಾಡಿದಳು, ಕಾಣದ ಗಂಡಸರೊಡನೆ ಪತ್ರವ್ಯವಹಾರ ನಡೆಸಿದಳು, ಇತರ ಹೆಂಗಸರಿಗೆ ಕಲಿಸಿದಳು. ಇವಾವುವೂ ಆ ಕಾಲದಲ್ಲಿ ವಿಧವೆಗೆ ವಿಧಿಸಿದ ಧರ್ಮಗಳಲ್ಲ. ಅವರು ಬರೆದ ಕಥೆಗಳಿಗಿಂತ ಅವರ ದಿನಚರಿಯೇ ಧೈರ್ಯವುಳ್ಳದ್ದಾಗಿತ್ತು.

ಅದನ್ನು ಓದಿದವರು ತಿಳಿದುಕೊಳ್ಳಲಿಲ್ಲವೆಂದು ನಾವು ಭಾವಿಸಬಾರದು. ತಲಕಾಡಿನ ನಮ್ಮ ಮನೆಯಲ್ಲಿ ಮಧ್ಯಾಹ್ನದ ಹೊತ್ತು ದೊಡ್ಡಜ್ಜಿ ಈ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. ಓದು ಬಾರದ ನೆರೆಯವರು ಬತ್ತಿ ಹೊಸೆಯುತ್ತ ಕೇಳುತ್ತಿದ್ದರಂತೆ. ಸುಶೀಲೆ ಅಷ್ಟು ತಾಳ್ಮೆ ತೋರಿದುದು ಸರಿಯೇ ಅಲ್ಲವೇ ಎಂಬ ವಿಷಯದಲ್ಲಿ ವಾದಗಳಾಗುತ್ತಿದ್ದುವಂತೆ. "ಕಥೆ ಮುಗಿದರೂ ಜಗಳ ಮುಗೀತಿರಲಿಲ್ಲ" ಎಂದು ಅಜ್ಜಿ ನಗುತ್ತಿದ್ದರು. ಆ ಮಧ್ಯಾಹ್ನಗಳಲ್ಲಿ ಆ ಹೆಂಗಸರು ಕಲಿತುದು ತಾಳ್ಮೆಯೊಂದನ್ನೇ ಅಲ್ಲ. ಒಂದು ಪಾತ್ರದ ನಡೆಯನ್ನು ವಿಮರ್ಶಿಸುವುದನ್ನು, ತಮ್ಮ ಅಭಿಪ್ರಾಯವನ್ನು ಬಾಯಿಬಿಟ್ಟು ಹೇಳುವುದನ್ನೂ ಕಲಿತರು. ಆಶುಭಕರಳೆನಿಸಿದ ದೊಡ್ಡಜ್ಜಿ ಆ ಒಂದು ಗಂಟೆಯ ಮಟ್ಟಿಗೆ ಸಭೆಯ ನಡುವೆ ಕೂಡುತ್ತಿದ್ದರು. ಬರೆದವರೂ "ನನ್ನ ಹಾಗೇ" ಎಂಬ ಅರಿವು ಅವರಿಗೆ ಕೊಟ್ಟ ಬಲವೆಷ್ಟೆಂಬುದನ್ನು ನಾನು ಅಳೆಯಲಾರೆ. ಪುಸ್ತಕವನ್ನು ಕೊನೆಯವರೆಗೂ ಪೆಟ್ಟಿಗೆಯಲ್ಲಿ ಕಾಪಾಡಿಕೊಂಡುದೇ ಅದಕ್ಕೆ ಸಾಕ್ಷಿ.

ತಿರುಮಲಾಂಬಾ ಅವರು ತೋಡಿದ ಕಾಲುವೆಯಲ್ಲಿ ಮುಂದೆ ನೀರು ಹರಿಯಿತು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಪತ್ರಿಕೆಯನ್ನು ನಡೆಸಿದರು. 'ಸುಶೀಲೆ' ಬಂದು ನಲವತ್ತು ವರ್ಷಗಳಾದ ಮೇಲೆ, ೧೯೫೩ರಲ್ಲಿ, ಮೈಸೂರಿನಿಂದ 'ಅಪಸ್ವರ' ಎಂಬ ಕಾದಂಬರಿ ಹೊರಟಿತು. ಬರೆದವರು ತ್ರಿವೇಣಿ, ವಯಸ್ಸು ಇಪ್ಪತ್ತೈದು. ಅವರು ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಓದಿ ಪದವಿ ಪಡೆದವರು. ಹೆಣ್ಣಿನ ಮನಸ್ಸಿನ ಬೇಗೆಯನ್ನು ಅವರು ಯಾವ ಆದರ್ಶದ ಮರೆಯೂ ಇಲ್ಲದೆ ಬಿಡಿಸಿ ಬರೆದರು. ಹತ್ತು ವರ್ಷಗಳಲ್ಲಿ ಸುಮಾರು ಇಪ್ಪತ್ತು ಕಾದಂಬರಿಗಳನ್ನು ಕೊಟ್ಟು ೧೯೬೩ರಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಇವರಿಬ್ಬರ ಊರುಗಳ ನಡುವೆ ಇರುವುದು ಹದಿನೈದು ಮೈಲಿ. ಅವರಿಬ್ಬರ ತಾರುಣ್ಯಗಳ ನಡುವೆ ಇರುವುದು ಒಂದು ಯುಗ. ಆ ಯುಗವನ್ನು ದಾಟಿಸಿದ ಸೇತುವೆಯ ಮೊದಲ ಕಲ್ಲನ್ನು ಇಟ್ಟವರು ನಂಜನಗೂಡಿನವರು.

ಇಷ್ಟೆಲ್ಲ ಆದ ಮೇಲೆ ಅವರನ್ನು ಕನ್ನಡನಾಡು ತಲೆಯ ಮೇಲಿಟ್ಟುಕೊಂಡು ಮೆರೆಸಿರಬೇಕೆಂದು ತಾವು ಊಹಿಸಬಹುದು. ಹಾಗಾಗಲಿಲ್ಲ. ಕಾದಂಬರಿಯ ಅಭಿರುಚಿ ಬದಲಾಯಿತು, ನವೋದಯದ ದೊಡ್ಡ ಲೇಖಕರು ಬಂದರು, ಪ್ರಗತಿಶೀಲರು ಬಂದರು. ತಿರುಮಲಾಂಬಾ ಬರವಣಿಗೆಯಿಂದ ದೂರ ಸರಿದು, ಕೊನೆಯ ಕಾಲವನ್ನು ಮದ್ರಾಸಿನಲ್ಲಿ ಕಳೆದರು. ಸಾಹಿತ್ಯಚರಿತ್ರೆಗಳಲ್ಲಿ ಅವರ ಹೆಸರು ಒಂದು ಸಾಲಿಗೆ ಇಳಿಯಿತು, ಕೆಲವದರಲ್ಲಿ ಅದೂ ಇಲ್ಲವಾಯಿತು. ಅವರು ತೀರಿಕೊಂಡುದು ೧೯೮೨ರಲ್ಲಿ, ತೊಂಬತ್ತೈದನೆಯ ವಯಸ್ಸಿನಲ್ಲಿ. ಅವರ ಪುಸ್ತಕಗಳನ್ನು ಓದಿದ ಪೀಳಿಗೆ ಅದಕ್ಕೆ ಮುಂಚೆಯೇ ಹೊರಟುಹೋಗಿತ್ತು. ಅನೇಕರು ಅವರು ಇನ್ನೂ ಬದುಕಿದ್ದಾರೆಂಬುದನ್ನೇ ಅರಿಯದೆ ಹೋಗಿದ್ದರು. ತಲಕಾಡಿನ ಮರಳೂ ಹೀಗೆಯೇ ಕೆಲಸ ಮಾಡುತ್ತದೆ. ಒಂದು ದಿನದಲ್ಲಿ ಯಾವ ಗೋಪುರವೂ ಮುಳುಗುವುದಿಲ್ಲ. ದಿನಕ್ಕೆ ಒಂದು ಹಿಡಿ ಬೀಳುತ್ತದೆ, ಯಾರೂ ಗುಡಿಸುವುದಿಲ್ಲ, ಅಷ್ಟೇ.

ಆ ಮರಳನ್ನು ತೋಡಿದವರಲ್ಲಿ ಮುಖ್ಯರು ಚಿ. ನ. ಮಂಗಳಾ ಅವರು. ಬೆಂಗಳೂರಿನ ಮಹಿಳಾ ಕಾಲೇಜೊಂದರ ಮುಖ್ಯಸ್ಥೆಯಾಗಿದ್ದ ಈ ವಿದುಷಿ ವೃದ್ಧೆಯಾದ ತಿರುಮಲಾಂಬಾ ಅವರನ್ನು ಹುಡುಕಿಕೊಂಡು ಹೋಗಿ ಕಂಡರು. ಅವರ ವಿಷಯವಾಗಿ ಬರೆದರು. ಹೆಂಗಸರ ಇತಿಹಾಸದ ಸಂಗ್ರಹಕ್ಕಾಗಿ ಮಂಗಳಾ ಅವರು ಕಟ್ಟಿದ 'ಶಾಶ್ವತಿ' ಸಂಸ್ಥೆಯು ಕನ್ನಡದ ಲೇಖಕಿಯರಿಗೆ ತಿರುಮಲಾಂಬಾ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ಕೊಡುವ ಪದ್ಧತಿಯನ್ನು ಪ್ರಾರಂಭಿಸಿತು. ಆ ಶೋಧನೆ ನಡೆಯದಿದ್ದರೆ ನಾನು ಇಂದು ತಮ್ಮ ಮುಂದೆ ಈ ಹೆಸರನ್ನು ಹೇಳುತ್ತಿರಲಿಲ್ಲ. ದೊಡ್ಡಜ್ಜಿಯ ಪುಸ್ತಕ ಹೆಸರಿಲ್ಲದ ಪುಸ್ತಕವಾಗಿಯೇ ಉಳಿಯುತ್ತಿತ್ತು.

ಆ ಪುಸ್ತಕ ಏನಾಯಿತೆಂದು ತಾವು ಕೇಳಬಹುದು. ಹೇಳುವುದಕ್ಕೆ ನಾಚಿಕೆಯಾಗುತ್ತದೆ. ದೊಡ್ಡಜ್ಜಿ ತೀರಿಕೊಂಡ ವರ್ಷ ಮನೆಯನ್ನು ಮಾರಿದರು. ಪೆಟ್ಟಿಗೆಯನ್ನು ಹಳೆಯ ಸಾಮಾನಿನವನಿಗೆ ಕೊಟ್ಟರು. ಒಳಗೆ ಏನಿದೆಯೆಂದು ಯಾರೂ ನೋಡಲಿಲ್ಲ. ನೋಡಬೇಕಾದವನು ನಾನು, ಆ ಹೊತ್ತಿಗೆ ಇಂಗ್ಲಿಷ್ ಕಾದಂಬರಿಗಳನ್ನು ಓದುವ ದೊಡ್ಡ ಮನುಷ್ಯನಾಗಿದ್ದೆನು. ಆ ಕಾಗದಪತ್ರದ ಕಟ್ಟಿನಲ್ಲಿ ಏನಿದ್ದಿತೋ, ಚಂದಾ ರಶೀತಿಯಿದ್ದಿತೋ, ನಂಜನಗೂಡಿನಿಂದ ಬಂದ ಒಂದು ಕಾರ್ಡಾದರೂ ಇದ್ದಿತೋ, ಇನ್ನು ಯಾರಿಗೂ ತಿಳಿಯದು. ದೊಡ್ಡ ದೇಗುಲವಾದರೆ ಮರಳಿನ ಅಡಿಯಲ್ಲಿ ನೂರಾರು ವರ್ಷ ಕಾದುಕೊಂಡಿರುತ್ತದೆ. ಕಾಗದ ಕಾಯುವುದಿ‌ಲ್ಲ.

ಶ್ರೋತೃಗಳೆ, ನನ್ನ ವಿಜ್ಞಾಪನೆ ಇಷ್ಟೆ. ತಮ್ಮ ಮನೆಗಳಲ್ಲಿಯೂ ಅಟ್ಟದ ಮೇಲೆ ಅಂತಹ ಪೆಟ್ಟಿಗೆಗಳಿರಬಹುದು. ಹಿರಿಯ ಹೆಂಗಸರ ಪುಸ್ತಕ, ಪತ್ರ, ಲೆಕ್ಕದ ವಹಿ, ಹಾಡು ಬರೆದ ನೋಟುಪುಸ್ತಕ, ಇವುಗಳನ್ನು ಎಸೆಯುವ ಮುನ್ನ ಒಮ್ಮೆ ಬಿಡಿಸಿ ನೋಡಿರಿ. ಅವರಿನ್ನೂ ನಮ್ಮೊಡನಿದ್ದರೆ, ಎಳೆಯ ವಯಸ್ಸಿನಲ್ಲಿ ಅವರ ದಿನ ಹೇಗೆ ಕಳೆಯುತ್ತಿತ್ತೆಂದು ಕೇಳಿ ಬರೆದಿಡಿರಿ. ಅದು ಸಾಹಿತ್ಯವಾಗಬೇಕಾಗಿಲ್ಲ. ನಾಲ್ಕು ಗಂಟೆಗೆ ಎದ್ದೆ, ನೀರು ತಂದೆ, ಒಲೆ ಹೊತ್ತಿಸಿದೆ, ಎಲ್ಲರೂ ಮಲಗಿದ ಮೇಲೆ ಎರಡು ಪುಟ ಓದಿದೆ ಎಂದಿದ್ದರೂ ಸಾಕು. ಆ ಎರಡು ಪುಟಕ್ಕಾಗಿ ಹೊಳೆಯ ಮೇಲಣ ಊರಿನಲ್ಲಿ ಇನ್ನೊಬ್ಬಾಕೆ ಬುಡ್ಡಿಯ ದೀಪದಲ್ಲಿ ಕಣ್ಣು ನೋಯಿಸಿಕೊಂಡು ಎರಡು ಪುಟ ಬರೆದಿದ್ದಳು ಎಂಬುದು ಆಗ ನಮಗೆ ತಿಳಿಯುತ್ತದೆ.